ತಾಯಿ ಕೇಳಿದ್ದು, ಮಗಳು ತೋರಿಸಿದ್ದು

ಹತ್ತೊಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದ ಆ ತಾಯಿ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ, ‘ಇವಳ ಗರ್ಭಕೋಶ ತೆಗೆದುಬಿಡಿ ಮೇಡಂ’ ಎಂದರು. ಮಗಳಿಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಎಂಬ, ಬುದ್ಧಿಯ ಬೆಳವಣಿಗೆಯನ್ನು ನಿಧಾನಗೊಳಿಸುವ ಸ್ಥಿತಿ ಇದೆ. ಮುಟ್ಟಾದಾಗ ಎಂಟು ಹತ್ತು ದಿನ ವಿಪರೀತ ರಕ್ತ ಹೋಗುತ್ತದೆ, ಪ್ಯಾಡ್ ಇಟ್ಟರೆ ಕಿತ್ತೆಸೆಯುತ್ತಾಳೆ, ತಾನು ಕೂಲಿಗೆ ಹೋದರೆ ನೋಡಿಕೊಳ್ಳುವವರಿಲ್ಲ ಎಂಬುದು ಅವರ ಅಳಲು. ಸ್ತ್ರೀರೋಗ ತಜ್ಞೆಯಾಗಿ ಈ ಕೋರಿಕೆಯನ್ನು ನಾನು ಹಲವು ಬಾರಿ ಕೇಳಿದ್ದೇನೆ. ಕೇಳಿದವರೆಲ್ಲರೂ ಮಗಳಿಗಾಗಿ ವರ್ಷಗಟ್ಟಲೆ ನಿದ್ದೆಗೆಟ್ಟ ತಾಯಂದಿರೇ.

ಅವರ ಕೈಚೀಲದಲ್ಲಿ ಬೇರೆ ಬೇರೆ ಕಡೆ ತೋರಿಸಿದ ಮೂರು ಚೀಟಿಗಳಿದ್ದವು. ಮೂರರಲ್ಲೂ ಮೊದಲ ಸಾಲು ‘ಬುದ್ಧಿಮಾಂದ್ಯ’ ಎಂದೇ ಇತ್ತು. ಥೈರಾಯ್ಡ್ ಪರೀಕ್ಷೆ ಬರೆದ ಒಂದು ಚೀಟಿಯೂ ಇರಲಿಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕೊರತೆ ಇತರರಿಗಿಂತ ಬಹಳ ಹೆಚ್ಚು, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು, ಮತ್ತು ಆ ಕೊರತೆಯಿಂದಲೇ ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವವಾಗಬಹುದು ಎಂಬುದು ವೈದ್ಯರಿಗೆಲ್ಲ ಗೊತ್ತಿರಬೇಕಾದ ಸಂಗತಿ. ಆ ಹುಡುಗಿಯ ಮಂಕುತನ, ಮಲಬದ್ಧತೆ, ಒಣಗಿದ ಚರ್ಮ ಎಲ್ಲವನ್ನೂ ‘ಇಂಥ ಮಕ್ಕಳು ಇರುವುದೇ ಹೀಗೆ’ ಎಂದು ಅಂಗವೈಕಲ್ಯದ ಲೆಕ್ಕಕ್ಕೆ ಬರೆಯಲಾಗಿತ್ತು. ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕೊರತೆಯಿದ್ದರೆ ಏರುವ ಟಿಎಸ್‌ಎಚ್ ಪ್ರಮಾಣ ತೀರಾ ಏರಿತ್ತು, ಹಿಮೋಗ್ಲೋಬಿನ್ 7 ಗ್ರಾಂಗೆ ಇಳಿದಿತ್ತು.

ನಾನು ಹುಡುಗಿಯ ಕಡೆಗೇ ತಿರುಗಿ, ‘ಎಲ್ಲಿ ನೋಯುತ್ತದೆ, ಪುಟ್ಟಿ?’ ಎಂದು ಕೇಳಿ ಕಾದೆ. ಉತ್ತರ ಬರಲು ಅರ್ಧ ನಿಮಿಷವಾದರೂ ಆಗಿರಬೇಕು. ಅವಳು ಮೊದಲು ತಾಯಿಯ ಮುಖ ನೋಡಿದಳು, ಆಮೇಲೆ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ‘ಗಾಯ’ ಎಂದಳು. ಪ್ರತಿ ತಿಂಗಳೂ ಒಳಗೆ ಗಾಯವಾಗುತ್ತಿದೆ ಎಂದೇ ಅವಳು ತಿಳಿದಿದ್ದಳು. ಗಾಯಕ್ಕೆ ಒತ್ತಿಕೊಂಡಿರುವ ಪ್ಯಾಡನ್ನು ಅವಳು ಕಿತ್ತೆಸೆಯುತ್ತಿದ್ದುದರಲ್ಲಿ ಯಾವ ಹಟವೂ ಇರಲಿಲ್ಲ.

1994ರಲ್ಲಿ ಪುಣೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ, ಅದೇ ಜಿಲ್ಲೆಯ ಶಿರೂರಿನ ವಸತಿ ನಿಲಯದಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ತೆಗೆದಾಗ, ಮುಟ್ಟಿನ ಶುಚಿತ್ವವನ್ನೇ ಕಾರಣವಾಗಿ ಕೊಡಲಾಗಿತ್ತು. ಮಹಿಳಾ ಸಂಘಟನೆಗಳು ಪ್ರತಿಭಟಿಸಿದ ಮೇಲೆ ಅದು ದೇಶದ ಗಮನಕ್ಕೆ ಬಂತು. 2009ರಲ್ಲಿ ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿ ಅತ್ಯಾಚಾರಕ್ಕೊಳಗಾಗಿ ಬಸುರಿಯಾಗಿದ್ದ, ಬೌದ್ಧಿಕ ಅಂಗವೈಕಲ್ಯದ ಯುವತಿಯ ಪ್ರಕರಣದಲ್ಲಿ, ಮಗುವನ್ನು ಹೆರಬೇಕೆಂಬ ಆಕೆಯ ಇಚ್ಛೆಯನ್ನು ಮೀರಿ ಗರ್ಭಪಾತ ಮಾಡಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 10ನೇ ಸೆಕ್ಷನ್ ಇನ್ನೂ ಸ್ಪಷ್ಟವಾಗಿದೆ: ಸಂತಾನಶಕ್ತಿಯನ್ನು ಕಳೆಯುವ ಯಾವ ಚಿಕಿತ್ಸೆಯನ್ನೂ ಆ ವ್ಯಕ್ತಿ ತಿಳಿದು, ಒತ್ತಡವಿಲ್ಲದೆ ಒಪ್ಪದ ಹೊರತು ಮಾಡುವಂತಿಲ್ಲ. 25ನೇ ಸೆಕ್ಷನ್ ವಿಕಲಚೇತನ ಮಹಿಳೆಯರ ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯಸೇವೆಯನ್ನು ಹೆಸರಿಸಿಯೇ ಹೇಳುತ್ತದೆ. ಹಾಗಿದ್ದೂ ನಮ್ಮ ಹೊರರೋಗಿ ವಿಭಾಗಗಳಲ್ಲಿ ಮೊದಲ ಪ್ರಶ್ನೆ ಇಂದಿಗೂ ‘ಜೊತೆಗೆ ಯಾರು ಬಂದಿದ್ದೀರಿ?’ ಎಂಬುದೇ. ಇದು ನನಗೆ ನೋವು ತರುತ್ತದೆ.

ತಾಯಿ ಕೊನೆಗೆ ದನಿ ತಗ್ಗಿಸಿ ಹೇಳಿದ ಮಾತು ಬೇರೆಯೇ ಇತ್ತು: ‘ಯಾರಾದರೂ ಏನಾದರೂ ಮಾಡಿಬಿಟ್ಟರೆ?’ ಈ ಭಯ ನಿಜವಾದದ್ದು. ಆದರೆ ಗರ್ಭಕೋಶ ತೆಗೆದರೆ ಬಸಿರು ನಿಲ್ಲುತ್ತದೆಯೇ ಹೊರತು ದೌರ್ಜನ್ಯ ನಿಲ್ಲುವುದಿಲ್ಲ. ನಡೆದದ್ದು ಮನೆಯವರಿಗೆ ತಿಳಿಯುವ ಒಂದು ದಾರಿಯೂ ಮುಚ್ಚಿಹೋಗುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಎಷ್ಟೋ ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಬೇಗ ಬರುತ್ತವೆ. ಕ್ಯಾನ್ಸರ್ ಇದ್ದರೆ, ಔಷಧಿಗೆ ಬಗ್ಗದ ದೊಡ್ಡ ಗಡ್ಡೆಗಳಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆದರೆ ಬೇರೆ ಹೆಣ್ಣುಮಕ್ಕಳಿಗೆ ಅನ್ವಯಿಸುವ ಅಳತೆಗೋಲೇ ಇವಳಿಗೂ ಅನ್ವಯಿಸಬೇಕು.

ಅವಳಿಗೆ ಥೈರಾಯ್ಡ್ ಮತ್ತು ಕಬ್ಬಿಣದ ಮಾತ್ರೆ ಆರಂಭಿಸಿದೆವು. ನಮ್ಮ ನರ್ಸ್ ಬಟ್ಟೆಯ ಬೊಂಬೆಯೊಂದಕ್ಕೆ ಪ್ಯಾಡ್ ಕಟ್ಟಿ, ಕೆಂಪು ಶಾಯಿ ಹಾಕಿ, ಇದು ಗಾಯವಲ್ಲ, ಅಮ್ಮನಿಗೂ ಹೀಗೆಯೇ ಆಗುತ್ತದೆ ಎಂದು ನಾಲ್ಕು ಭೇಟಿಗಳಲ್ಲಿ ಮತ್ತೆ ಮತ್ತೆ ತೋರಿಸಿದರು. ಮುಟ್ಟಾದ ದಿನ ಕ್ಯಾಲೆಂಡರಿನ ಮೇಲೆ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸುವುದನ್ನು ಅವಳು ತಾನೇ ಕಲಿತಳು. ಇಷ್ಟರಿಂದಲೂ ಸ್ರಾವ ತಗ್ಗದವರಿಗೆ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ, ಬೇಡವೆನಿಸಿದಾಗ ತೆಗೆಯಬಹುದು. ಅದನ್ನೂ ಅವಳಿಗೆ ತೋರಿಸಿ, ಒಪ್ಪಿಗೆ ಪಡೆದೇ ಇಡಬೇಕು. ಸ್ರಾವ ತಗ್ಗಿಸಲು ಮೂರು ತಿಂಗಳಿಗೊಮ್ಮೆ ಕೊಡುವ ಹಾರ್ಮೋನ್ ಚುಚ್ಚುಮದ್ದು ಬಹುಕಾಲ ಮುಂದುವರಿದರೆ ಮೂಳೆ ಸವೆಯುತ್ತದೆ, ಆದ್ದರಿಂದ ನಡೆದಾಡದವರಿಗೆ ಅದನ್ನು ಬರೆಯಲು ನಾನು ಹಿಂಜರಿಯುತ್ತೇನೆ. ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಾಜೆಪಿನ್ ನುಂಗುವವರಲ್ಲಿ ಮುಟ್ಟಿನ ಹತೋಟಿಗೆ ಕೊಡುವ ಹಾರ್ಮೋನ್ ಮಾತ್ರೆಗಳ ಬಲ ಕುಗ್ಗುತ್ತದೆ.

ಆರನೇ ತಿಂಗಳ ಹೊತ್ತಿಗೆ ಸ್ರಾವ ಐದು ದಿನಕ್ಕೆ ಇಳಿಯಿತು. ಕೂಲಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂಬ ತಾಯಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಅವರ ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಗೆ ನಾನೇ ಫೋನ್ ಮಾಡಿ ಮಾತನಾಡಿ, ಆಕೆಯ ನಂಬರನ್ನು ಚೀಟಿಯ ಹಿಂದೆ ಬರೆದುಕೊಟ್ಟೆ. ಚೀಟಿಯನ್ನು ಮಡಚಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡವಳು ಮಗಳು.