ಬಿಲ್ಲಿನ ಬಾಕಿ ಇದೆ ಎಂದು ಆಸ್ಪತ್ರೆಯವರು ಕೇಸ್ ಶೀಟ್ ಕೊಡದೆ ಇರಬಹುದೇ?

ಪ್ರಶ್ನೆ: ನಮ್ಮ ತಂದೆಯವರು ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದರು. ಮಿರಜಿನ ವೈದ್ಯರಿಗೆ ತೋರಿಸಬೇಕೆಂದು ಕೇಸ್ ಶೀಟ್ ಕೇಳಿದರೆ, ‘ಮೊದಲು ಬಾಕಿ ಚುಕ್ತಾ ಮಾಡಿ, ಅಷ್ಟಕ್ಕೂ ಅದು ಆಸ್ಪತ್ರೆಯ ಆಸ್ತಿ’ ಎನ್ನುತ್ತಿದ್ದಾರೆ. ಕೊಡಲೇಬೇಕೆಂಬ ಕಾನೂನು ಇದೆಯೇ?

ಉತ್ತರ: ಇದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿ ನಡತೆ ಮತ್ತು ನೈತಿಕತೆಯ ನಿಯಮಾವಳಿಯ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡುವುದು ವೈದ್ಯರ ಹೊಣೆ. ರೋಗಿ, ಆತ ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಕಾನೂನು ಅಧಿಕಾರಿಗಳು ಆ ದಾಖಲೆಗಳನ್ನು ಕೇಳಿದರೆ ಕೋರಿಕೆಗೆ ಸ್ವೀಕೃತಿ ನೀಡಿ 72 ಗಂಟೆಯೊಳಗೆ ಒದಗಿಸಬೇಕು. ಒದಗಿಸಲು ನಿರಾಕರಿಸುವುದನ್ನು ಇದೇ ನಿಯಮಾವಳಿ ವೃತ್ತಿ ದುರ್ನಡತೆಯ ಪಟ್ಟಿಯಲ್ಲಿ ಸೇರಿಸಿದೆ. ಕೆಲವು ಕಡೆ ‘ಈಗ 72 ಗಂಟೆ ಅಲ್ಲ, ಐದು ಕೆಲಸದ ದಿನ’ ಎಂಬ ಉತ್ತರ ಬರುವುದುಂಟು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್ 2ರಂದು ಪ್ರಕಟಿಸಿದ ಹೊಸ ನಿಯಮಾವಳಿಯಲ್ಲಿ ಹಾಗೆಂದು ಇತ್ತು ನಿಜ. ಆದರೆ ಅದೇ ತಿಂಗಳ 23ರಂದು ಆಯೋಗವೇ ಅದನ್ನು ತಡೆಹಿಡಿದು, 2002ರ ನಿಯಮಗಳನ್ನು ಮತ್ತೆ ಜಾರಿಗೆ ತಂದಿತು.

ಆಸ್ತಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಮೂಲ ಕಡತ ಆಸ್ಪತ್ರೆಯಲ್ಲೇ ಉಳಿಯಬೇಕು, ಏಕೆಂದರೆ ಅದನ್ನು ಕಾಪಾಡುವ ಹೊಣೆ ಅಲ್ಲಿಯ ವೈದ್ಯರದು. ರೋಗಿಗೆ ಸಲ್ಲಬೇಕಾದುದು ಅದರ ದೃಢೀಕೃತ ನಕಲು. ಡಿಸ್ಚಾರ್ಜ್ ಕಾರ್ಡ್ ಕೊಟ್ಟು ಕೈತೊಳೆದುಕೊಂಡರೆ ಸಾಲದು. ವೈದ್ಯರ ದೈನಂದಿನ ಟಿಪ್ಪಣಿ, ನರ್ಸ್‌ಗಳು ಬರೆದ ಚಾರ್ಟ್, ಕೊಟ್ಟ ಔಷಧಗಳ ವಿವರ, ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಯ ಟಿಪ್ಪಣಿ, ಒಪ್ಪಿಗೆ ಪತ್ರ ಎಲ್ಲವೂ ಕೇಸ್ ಶೀಟಿನಲ್ಲಿ ಸೇರುತ್ತವೆ. ಇನ್ನು ಬಾಕಿಯ ವಿಷಯ: ಹಣ ಕಟ್ಟಿದ ಮೇಲೆಯೇ ದಾಖಲೆ ಕೊಡಬೇಕೆಂಬ ಷರತ್ತನ್ನು ಈ ನಿಯಮಾವಳಿ ಎಲ್ಲಿಯೂ ಹಾಕಿಲ್ಲ. ಆಸ್ಪತ್ರೆಗೆ ನಿಜವಾಗಿಯೂ ಹಣ ಬರಬೇಕಿದ್ದರೆ ದಾವೆ ಹೂಡಿ ವಸೂಲು ಮಾಡಿಕೊಳ್ಳುವ ದಾರಿ ಅದಕ್ಕೆ ತೆರೆದೇ ಇದೆ. ಹಣಕ್ಕಾಗಿ ರೋಗಿಯ ಕಡೆಯವರ ಕೈಕಟ್ಟುವ ಪದ್ಧತಿಯನ್ನು ರಾಜ್ಯದ ಶಾಸನಸಭೆಯೂ ಒಪ್ಪಿಲ್ಲ ಎಂಬುದಕ್ಕೆ ನಮ್ಮ ಭಾಗದವರಿಗೆ ನೆನಪಿರುವ ಉದಾಹರಣೆಯೇ ಇದೆ: 2017ರ ನವೆಂಬರಿನಲ್ಲಿ, ಖಾಸಗಿ ವೈದ್ಯರ ತೀವ್ರ ಪ್ರತಿಭಟನೆಯ ನಡುವೆ, ಬೆಳಗಾವಿಯ ಅಧಿವೇಶನದಲ್ಲಿ ಅಂಗೀಕಾರವಾದ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿಯು, ಬಾಕಿ ಪಾವತಿಗಾಗಿ ಮೃತದೇಹವನ್ನು ತಡೆಹಿಡಿಯಬಾರದೆಂದು ಹೇಳಿತು. ಜೆರಾಕ್ಸಿನ ವೆಚ್ಚವನ್ನು ಕೇಳಿದರೆ ಮಾತ್ರ ಜಗಳಕ್ಕೆ ನಿಲ್ಲಬೇಡಿ. ಅದು ನ್ಯಾಯವಾದ ಬೇಡಿಕೆ.

ಇಷ್ಟೆಲ್ಲ ಇದ್ದರೂ ಬಹುತೇಕ ಪ್ರಕರಣಗಳು ಹದಗೆಡುವುದು ಕಾನೂನಿನ ಕೊರತೆಯಿಂದಲ್ಲ, ಬಾಯಿಮಾತಿನಲ್ಲಿ ಕೇಳುವುದರಿಂದ ಎಂಬುದು ನನ್ನ ಅಭಿಪ್ರಾಯ. ಕೌಂಟರಿನಲ್ಲಿ ಕೇಳಿ, ‘ಸೋಮವಾರ ಬರ್ರಿ’ ಎಂಬ ಉತ್ತರ ಪಡೆದು ಹಿಂದಿರುಗಿದವರು 72 ಗಂಟೆಯನ್ನು ಯಾವ ಗಳಿಗೆಯಿಂದ ಎಣಿಸುತ್ತಾರೆ? ಆದ್ದರಿಂದ ರೋಗಿಯ ಹೆಸರು, ಒಳರೋಗಿ ಸಂಖ್ಯೆ, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕಗಳು, ಬೇಕಾದ ಕಾಗದಗಳ ವಿವರ ಇವಿಷ್ಟನ್ನು ಬರೆದು, ಚಿಕಿತ್ಸೆ ನೀಡಿದ ವೈದ್ಯರು ಮತ್ತು ಆಸ್ಪತ್ರೆಯ ಆಡಳಿತಾಧಿಕಾರಿ ಇಬ್ಬರಿಗೂ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಿ. ವೈದ್ಯರ ಹೆಸರು ಏಕೆ ಬೇಕೆಂದರೆ, 2002ರ ನಿಯಮಾವಳಿ ಕಟ್ಟಿಹಾಕುವುದು ನೋಂದಾಯಿತ ವೈದ್ಯರನ್ನೇ ಹೊರತು ಆಸ್ಪತ್ರೆಯೆಂಬ ಸಂಸ್ಥೆಯನ್ನಲ್ಲ.

ಅರ್ಜಿಗೆ ನಿಮ್ಮ ತಂದೆಯವರ ಸಹಿ ಇರಲಿ. ಸಹಿ ಮಾಡಲಾಗದಿದ್ದರೆ ಅವರ ಹೆಬ್ಬೆಟ್ಟಿನ ಗುರುತಿರುವ ಅಧಿಕಾರ ಪತ್ರವನ್ನಾದರೂ ಲಗತ್ತಿಸಿ. ಮಗನೆಂದ ಮೇಲೆ ಅದೇಕೆ ಎಂದು ಬೇಸರಪಡುವವರಿದ್ದಾರೆ. ಆದರೆ ವೈದ್ಯರು ವೃತ್ತಿಯಲ್ಲಿ ತಿಳಿದುಕೊಂಡ ರೋಗಿಯ ಗುಟ್ಟನ್ನು ನ್ಯಾಯಾಲಯದ ಆದೇಶ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಒದಗಿರುವ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಇಂಥ ಸಂದರ್ಭಗಳಲ್ಲಿ ಬಿಟ್ಟು ಹೊರಗೆಡಹಬಾರದೆಂದು ಅದೇ ನಿಯಮಾವಳಿ ಹೇಳುತ್ತದೆ. ಆಸ್ತಿ ವ್ಯಾಜ್ಯದಲ್ಲಿರುವ ದಾಯಾದಿ, ಹೆಣ್ಣು ನೋಡಲು ಬರುವ ಬೀಗರು, ಕೆಲಸ ಕೊಟ್ಟ ಮಾಲೀಕ ಇವರೆಲ್ಲ ಬಂದು ಕೇಳಿದಾಗ ಆಸ್ಪತ್ರೆ ತೋರಬೇಕಾದ ಬಿಗಿಯೇ ನಿಮ್ಮಿಂದಲೂ ಸಹಿ ಕೇಳಿಸುತ್ತಿದೆ. ಎಚ್‌ಐವಿ ವಿಷಯದಲ್ಲಿ ಈ ಬಿಗಿ ಇನ್ನೂ ಹೆಚ್ಚು. ಒಂದು ಕಾಲಕ್ಕೆ ಈ ಸೋಂಕಿನ ಹರಡುವಿಕೆಯಿಂದಾಗಿ ರಾಜ್ಯದ ಗಮನ ಸೆಳೆದಿದ್ದ ಬಾಗಲಕೋಟೆಯಂಥ ಜಿಲ್ಲೆಯಲ್ಲಿ ಗುಟ್ಟು ಹೊರಬಿದ್ದರೆ ಒಂದು ಮನೆತನಕ್ಕೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯು ಸಂಗಾತಿಗೆ ವಿಷಯ ತಿಳಿಸಲು ವೈದ್ಯರಿಗೆ ಅವಕಾಶ ಕೊಡುತ್ತದಾದರೂ ಅದಕ್ಕೆ ಆಪ್ತ ಸಮಾಲೋಚನೆಯೇ ಮೊದಲಾದ ಷರತ್ತುಗಳನ್ನು ವಿಧಿಸಿದೆ. ತಿಳಿಸಿದರೆ ಹೆಣ್ಣುಮಗಳ ಮೇಲೆ ಹಿಂಸೆ ನಡೆಯುವ ಅಥವಾ ಅವಳನ್ನು ಮನೆಯಿಂದ ಹೊರಹಾಕುವ ಭಯವಿದ್ದಲ್ಲಿ ಅವಳ ರಕ್ಷಣೆಗೂ ಅವಕಾಶ ಮಾಡಿದೆ.

ಸರ್ಕಾರಿ ಆಸ್ಪತ್ರೆಯಾಗಿದ್ದರೆ, ಉದಾಹರಣೆಗೆ ಜಿಲ್ಲಾಸ್ಪತ್ರೆ ಅಥವಾ ಬೆಳಗಾವಿಯ ಬಿಮ್ಸ್, 72 ಗಂಟೆಯ ನಿಯಮದ ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ ದಾರಿಯೂ ಇರುತ್ತದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ ವೈದ್ಯರ ಮೇಲಿನ ಸಿಟ್ಟನ್ನು ಅಲ್ಲಿ ತೋಡಿಕೊಳ್ಳದೆ ಬೇಕಾದ ಕಾಗದಗಳ ಹೆಸರನ್ನಷ್ಟೇ ಬರೆಯುವುದು ಒಳ್ಳೆಯದು. ಎರಡನೇ ಮೇಲ್ಮನವಿಯನ್ನು ಕೇಳುವ ಕರ್ನಾಟಕ ಮಾಹಿತಿ ಆಯೋಗಕ್ಕೆ ಬೆಳಗಾವಿಯಲ್ಲಿ ಪೀಠವಿದೆ.

ನಿಮ್ಮದು ಖಾಸಗಿ ಆಸ್ಪತ್ರೆಯಾದ್ದರಿಂದ ಗಡುವು ಮೀರಿದ ಮೇಲೆ ಮೊದಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಿ. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ತಲುಪಿಸಬಹುದು. ಆಸ್ಪತ್ರೆಯ ನೋಂದಣಿ ಈ ಪ್ರಾಧಿಕಾರದ ಕೈಯಲ್ಲಿರುವುದರಿಂದ ಇಲ್ಲಿಂದ ಬಂದ ಪತ್ರಕ್ಕೆ ತೂಕ ಹೆಚ್ಚು. ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ಮೇಲೆ ಶಿಸ್ತುಕ್ರಮ ಕೈಗೊಳ್ಳಬಲ್ಲದು, ಪರಿಹಾರದ ಹಣ ಕೊಡಿಸಲಾರದು. ಪರಿಹಾರ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬೇಕು. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿದೆ. ಅಲ್ಲಿ ದೂರು ಸಲ್ಲಿಸಲು 2 ವರ್ಷದ ಕಾಲಮಿತಿ ಇದೆ.

ನೀವು ಮಿರಜಿನ ಮಾತನ್ನೂ ಎತ್ತಿರುವುದರಿಂದ ಒಂದು ವಿಷಯ ಸೇರಿಸುತ್ತೇನೆ. ಅಥಣಿ, ಚಿಕ್ಕೋಡಿ, ಇಂಡಿ, ಜಮಖಂಡಿ ಕಡೆಯಿಂದ ಮಿರಜ, ಸಾಂಗಲಿ, ಸೊಲ್ಲಾಪುರಕ್ಕೆ ಚಿಕಿತ್ಸೆಗೆ ಹೋಗುವವರಿಗೆ ಅಲ್ಲಿಯೂ 72 ಗಂಟೆಯ ನಿಯಮವೇ ಅನ್ವಯಿಸುತ್ತದೆ. ಕರ್ನಾಟಕದ ಖಾಸಗಿ ಸಂಸ್ಥೆಗಳ ಕಾಯ್ದೆ ಗಡಿ ದಾಟುವುದಿಲ್ಲ, ವೈದ್ಯರ ಮೇಲಿನ ದೂರನ್ನೂ ಮುಂಬೈಯ ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿಗೇ ಕಳುಹಿಸಬೇಕು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿರುವುದರಿಂದ, ಮಿರಜಿನ ಆಸ್ಪತ್ರೆಯ ಮೇಲಿನ ದೂರನ್ನು ವಿಜಯಪುರದ ಗ್ರಾಹಕ ಆಯೋಗದಲ್ಲಿಯೇ ದಾಖಲಿಸಬಹುದು.