ಜ್ವರ ಬಂದು ಎಷ್ಟನೇ ದಿನ?

ಸಿದ್ದಾಪುರ ಕಡೆಯ ನಮ್ಮತ್ತೆಗೆ ಒಂದು ಮಾರ್ಚಿನಲ್ಲಿ ಜ್ವರ ಬಂತು. ಸೊಪ್ಪಿನ ಬೆಟ್ಟದಿಂದ ದರಕು (ಉದುರಿದ ಒಣ ಎಲೆ) ಗುಡಿಸಿ ತಂದು ಕೊಟ್ಟಿಗೆಗೆ ಹಾಕಿದ ವಾರ ಅದು. ಮೈಕೈ ನೋವು, ಕಣ್ಣು ಕೆಂಪು, ತಲೆ ಎತ್ತಲಾಗದು. ಎರಡನೇ ದಿನವೇ ಪೇಟೆಯ ಲ್ಯಾಬೊಂದರಲ್ಲಿ ರಕ್ತ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಎರಡು ಗೆರೆ ಮೂಡಿದವು. ಒಂದು ಕಾರ್ಡು ಸರಿಯಿದೆ ಎನ್ನುವ ಕಂಟ್ರೋಲ್ ಗೆರೆ, ಇನ್ನೊಂದು ಐಜಿಜಿ (ರೋಗಾಣುವಿನ ವಿರುದ್ಧ ಮೈ ತಯಾರಿಸುವ ಒಂದು ಬಗೆಯ ಪ್ರತಿಕಾಯ) ಎದುರಿಗೆ. ರಿಪೋರ್ಟಿನಲ್ಲಿ ‘ಡೆಂಗಿ ಪಾಸಿಟಿವ್’ ಎಂದು ಬರೆದು ಸಹಿ ಹಾಕಿ ಕೊಟ್ಟರು. ಸಂಜೆಯೊಳಗೆ ‘ಡೆಂಗಿ ಅಡ’ ಎಂದು ಕೇರಿಗೆಲ್ಲ ಸುದ್ದಿ. ಪಕ್ಕದ ಮನೆಯಿಂದ ಪಪ್ಪಾಯಿ ಎಲೆಯ ರಸವೂ ಬಂತು.

ಮಾರನೇ ದಿನ ಆರೋಗ್ಯ ಕೇಂದ್ರದ ಡಾಕ್ಟರು ಆ ಕಾಗದವನ್ನು ನೋಡಿ ಪಕ್ಕಕ್ಕಿಟ್ಟರು. ‘ಜ್ವರ ಶುರುವಾಗಿ ಇವತ್ತಿಗೆ ಎಷ್ಟನೇ ದಿನ ಅಮ್ಮ? ಬೆಟ್ಟಕ್ಕೆ ಹೋಗಿದ್ರಾ?’ ಎಂದು ಕೇಳಿ, ಮತ್ತೆ ರಕ್ತ ತೆಗೆಸಿ ಶಿವಮೊಗ್ಗಕ್ಕೆ ಕಳಿಸಿದರು. ಬಂದ ಉತ್ತರ ಮಂಗನ ಕಾಯಿಲೆ, ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ವೈರಸ್ ಜ್ವರ. ಹಾಗಂತ ಕಾರ್ಡು ಸುಳ್ಳು ಹೇಳಿರಲಿಲ್ಲ. ಹಿಂದೆ ಯಾವಾಗಲೋ ಬಂದು ಹೋದ ಸೋಂಕಿನ ಗುರುತು ಅತ್ತೆಯ ರಕ್ತದಲ್ಲಿ ಉಳಿದಿತ್ತು, ಅದನ್ನೇ ತೋರಿಸಿತ್ತು. ಓದಿದವರು ಅದನ್ನು ಈ ವಾರದ ಸುದ್ದಿ ಎಂದುಕೊಂಡರು.

ರೋಗಾಣುವನ್ನು ಹುಡುಕುವ ಬದಲು ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಉಪಾಯ ನೂರಿಪ್ಪತ್ತು ವರ್ಷಕ್ಕೂ ಹಳೆಯದು. 1896ರಲ್ಲಿ ಫ್ರಾನ್ಸಿನ ಫೆರ್ನಾಂಡ್ ವಿಡಾಲ್, ಟೈಫಾಯ್ಡ್ ರೋಗಿಯ ರಕ್ತದ್ರವ ಬೆರೆಸಿದರೆ ಟೈಫಾಯ್ಡ್ ಬ್ಯಾಕ್ಟೀರಿಯಾಗಳು ಗುಂಪುಗೂಡಿ ಹೆಪ್ಪುಗಟ್ಟುತ್ತವೆ ಎಂದು ತೋರಿಸಿದ. ನಮ್ಮ ಊರುಗಳ ಲ್ಯಾಬುಗಳಲ್ಲಿ ಇಂದಿಗೂ ಜ್ವರ ಎಂದೊಡನೆ ಬರೆದುಕೊಡುವ ‘ವಿಡಾಲ್’ ಅದೇ. ವೈರಸ್ಸಿನ ವಿಚಾರದಲ್ಲಿ ಈ ದಾರಿ ಇನ್ನೂ ಅಗತ್ಯವಾಗಿತ್ತು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ವೈರಸ್ ಕಾಣುವುದಿಲ್ಲ, ಜೀವಕೋಶದ ಹೊರಗೆ ಬೆಳೆಯುವುದೂ ಇಲ್ಲ. 1941ರಲ್ಲಿ ಅಮೆರಿಕದ ಜಾರ್ಜ್ ಹರ್ಸ್ಟ್ ಒಂದು ಸುಲಭದ ದಾರಿ ಕಂಡುಕೊಂಡ. ಇನ್‌ಫ್ಲುಯೆಂಜಾ ವೈರಸ್ ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ರೋಗಿಯ ರಕ್ತದಲ್ಲಿ ಪ್ರತಿಕಾಯ ಇದ್ದರೆ ಆ ಅಂಟು ಹಿಡಿಯುವುದಿಲ್ಲ, ಕಣಗಳು ಜಾರಿ ಪರೀಕ್ಷೆಯ ಪುಟ್ಟ ಗುಣಿಯ ತಳದಲ್ಲಿ ಅಂಗಿಯ ಗುಂಡಿಯಷ್ಟು ಕೆಂಪು ಚುಕ್ಕೆಯಾಗಿ ಕೂರುತ್ತವೆ.

ಈ ವಿದ್ಯೆ ನಮ್ಮ ಕಾಡಿಗೆ ಬಂದದ್ದು 1957ರಲ್ಲಿ. ಸಿದ್ದಾಪುರಕ್ಕೆ ಅಂಟಿಕೊಂಡಂತಿರುವ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ್ದವು, ಸುತ್ತಲ ಊರುಗಳಲ್ಲಿ ಜನರೂ ಮಲಗಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತವರ ತಂಡ ಬಂತು. ಮಂಗ ಸಾಯುತ್ತಿವೆ ಎಂದರೆ ಮೊದಲು ನೆನಪಾಗುವುದು ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ. ಅದು ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯವೇ ದೊಡ್ಡದಾಗಿತ್ತು. ಆದರೆ ಸಿಕ್ಕ ವೈರಸ್ಸನ್ನು ಬೇರೆ ಬೇರೆ ಪ್ರತಿಕಾಯಗಳೊಂದಿಗೆ ಹೋಲಿಸಿ ನೋಡಿದಾಗ ನೆಂಟಸ್ತಿಕೆ ಹೊರಟದ್ದು ಎಲ್ಲೋ ರಷ್ಯಾದ ಕಾಡಿನ, ಉಣುಗಿನಿಂದ ಹರಡುವ ಮೆದುಳು ಜ್ವರದ ಜೊತೆ. ಸೊಳ್ಳೆ ಬಿಟ್ಟು ಉಣುಗು ಹುಡುಕಿ ಎಂದು ದಾರಿ ತೋರಿಸಿದ್ದರಲ್ಲಿ ಈ ಪರೀಕ್ಷೆಗಳ ಪಾಲು ದೊಡ್ಡದು.

ಅದರ ಮಿತಿ ಇದ್ದದ್ದೂ ಅಲ್ಲೇ. ಮಂಗನ ಕಾಯಿಲೆ, ಡೆಂಗಿ, ಜಪಾನೀಸ್ ಮೆದುಳು ಜ್ವರ, ವೆಸ್ಟ್ ನೈಲ್, ಜೀಕಾ ಎಲ್ಲ ಒಂದೇ ಫ್ಲೇವಿವೈರಸ್ ಮನೆತನ. ಒಬ್ಬನ ವಿರುದ್ಧ ಹುಟ್ಟಿದ ಪ್ರತಿಕಾಯ ದಾಯಾದಿಯನ್ನೂ ಹಿಡಿದುಬಿಡುತ್ತದೆ. ಮನೆತನದ ಹೆಸರು ಸಿಗುತ್ತದೆ, ಮನುಷ್ಯ ಯಾರೆಂದು ಗೊತ್ತಾಗುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ 1952ರಲ್ಲಿ ಪುಣೆ ಕೇಂದ್ರ ನಡೆಸಿದ ಸಮೀಕ್ಷೆ. ಪರೀಕ್ಷಿಸಿದ 196 ಜನರಲ್ಲಿ 33 ಮಂದಿಯ ರಕ್ತದಲ್ಲಿ ಜೀಕಾ ತಡೆಯುವ ಪ್ರತಿಕಾಯ ಕಂಡಿತ್ತು. ಅವು ನಿಜಕ್ಕೂ ಜೀಕಾದವೋ, ಡೆಂಗಿಯವೋ ಎಂಬ ಅನುಮಾನ ಇವತ್ತಿಗೂ ಬಗೆಹರಿದಿಲ್ಲ. ಭಾರತದಲ್ಲಿ ಜೀಕಾ ರೋಗಿಗಳು ಖಚಿತವಾಗಿ ಸಿಕ್ಕಿದ್ದು ಗುಜರಾತಿನಲ್ಲಿ, ವರದಿಯಾದದ್ದು 2017ರಲ್ಲಿ.

ಇನ್ನೊಂದು ತೊಡಕು ಕಾಲದ್ದು. ಒಂದೇ ಸಲದ ರಕ್ತದಲ್ಲಿ ಪ್ರತಿಕಾಯ ಕಂಡರೆ ಅದು ಈಗಿನದೋ ಹಳೆಯದೋ ತಿಳಿಯದು. ಅದಕ್ಕೆ ಜೋಡಿ ರಕ್ತದ ನಿಯಮ ಬಂತು: ಜ್ವರವಿದ್ದಾಗ ಒಮ್ಮೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆಯಬೇಕು, ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ಮಾತ್ರ ಹೊಸ ಸೋಂಕು. ಶಾಸ್ತ್ರಕ್ಕೆ ಸರಿ. ಆದರೆ ಗುಣವಾದವನು ಅಡಿಕೆ ತೋಟದ ಕೆಲಸ ಬಿಟ್ಟು ಇನ್ನೊಮ್ಮೆ ಕೈ ಚುಚ್ಚಿಸಿಕೊಳ್ಳಲು ಯಾಕೆ ಬರುತ್ತಾನೆ? ಸತ್ತವನದ್ದಂತೂ ಎರಡನೇ ರಕ್ತವೇ ಇಲ್ಲ. ಕೆಲಸವೂ ಸಣ್ಣದಲ್ಲ. ಹರ್ಸ್ಟ್‌ನ ದಾರಿಯನ್ನೇ ಇಂಥ ವೈರಸ್‌ಗಳಿಗೆ ಹೊಂದಿಸಿದ 1958ರ ಕ್ಲಾರ್ಕ್ ಮತ್ತು ಕಸಾಲ್ಸ್ ವಿಧಾನಕ್ಕೆ ಹೆಬ್ಬಾತಿನ ರಕ್ತಕಣ ಬೇಕು. ವೈರಸ್ಸನ್ನೇ ಹಿಡಿಯಬೇಕೆಂದರೆ ಹಾಲು ಕುಡಿಯುವ ಇಲಿಮರಿಗಳ ಮೆದುಳಿಗೆ ರೋಗಿಯ ರಕ್ತ ಚುಚ್ಚಿ ದಿನಗಟ್ಟಲೆ ಕಾಯಬೇಕು. ಆ ಕಾಲದಲ್ಲಿ ಪ್ರಯೋಗಾಲಯದವರಿಗೇ ಮಂಗನ ಕಾಯಿಲೆ ಅಂಟಿದ್ದುಂಟು.

1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್, ಹಾಲೆಂಡಿನ ಇನ್ನೊಂದು ಜೋಡಿ, ಎರಡೂ ಜೋಡಿ ಬೇರೆ ಬೇರೆಯಾಗಿ ಎಲಿಸಾ ಎಂಬ ಬಣ್ಣ ನೋಡಿ ಹೇಳುವ ಪರೀಕ್ಷೆ ಕಂಡುಹಿಡಿದರು. 96 ಪುಟ್ಟ ಗುಣಿಗಳಿರುವ ಅಂಗೈಯಗಲದ ಪ್ಲೇಟು. ಐಜಿಎಂ ಹಿಡಿಯುವ ಎಲಿಸಾದಲ್ಲಿ ಗುಣಿಯ ತಳ ಮೊದಲು ಐಜಿಎಂ ಪ್ರತಿಕಾಯಗಳನ್ನಷ್ಟೇ ಎಳೆದುಕೊಳ್ಳುತ್ತದೆ. ಮೇಲೆ ವೈರಸ್ಸಿನ ಅಂಶ ಹಾಕುತ್ತಾರೆ. ಪ್ರತಿಕಾಯ ಅದನ್ನು ಹಿಡಿದರೆ, ಬಣ್ಣ ತರಿಸುವ ಕಿಣ್ವ ಅದರ ಬೆನ್ನಿಗೆ ಅಂಟುತ್ತದೆ. ಗುಣಿ ನೀಲಿಯಾಗುತ್ತದೆ, ಕೊನೆಗೆ ಆಮ್ಲದ ಹನಿ ಬಿದ್ದಾಗ ಹಳದಿ. ಆ ಹಳದಿ ಎಷ್ಟು ಗಾಢ ಎಂದು ಯಂತ್ರ ಓದಿ ಅಂಕಿ ಕೊಡುತ್ತದೆ. ಐಜಿಎಂ ಜ್ವರದ ಮೊದಲ ವಾರದಲ್ಲಿ ಹುಟ್ಟಿ ಕೆಲವು ತಿಂಗಳಲ್ಲಿ ಇಳಿಯುವಂಥದ್ದು. ಹಾಗಾಗಿ ಜೋಡಿ ರಕ್ತದ ಗೋಳು ಬಹುಮಟ್ಟಿಗೆ ತಪ್ಪಿತು. ವರ್ಷಗಟ್ಟಲೆ ಉಳಿಯುವುದು ಐಜಿಜಿ, ಅತ್ತೆಯ ಕಾರ್ಡಿನಲ್ಲಿ ಮೂಡಿದ್ದು.

ಪ್ರತಿಕಾಯ ಪರೀಕ್ಷೆಯೇ ಕೆಲಸಕ್ಕೆ ಬಾರದು ಎಂದು ಯಾರೂ ತಿಳಿಯಬೇಡಿ. 1986ರಲ್ಲಿ ಚೆನ್ನೈನ ಸುನೀತಿ ಸಾಲೊಮನ್ ಮತ್ತು ನಿರ್ಮಲಾ ಸೆಲ್ಲಪ್ಪನ್ ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆ ಮಾಡಿದ್ದು ಎಲಿಸಾದಿಂದಲೇ. ಎಚ್‌ಐವಿ ಮೈ ಬಿಟ್ಟು ಹೋಗುವುದಿಲ್ಲ, ಆದ್ದರಿಂದ ಅಲ್ಲಿ ಪ್ರತಿಕಾಯ ಇದೆ ಎಂದರೆ ವೈರಸ್ಸೂ ಇದೆ. ಬಂದು ಹೋಗುವ ಜ್ವರಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಗಲಿಬಿಲಿ ಆಗುವುದೇ ಇಲ್ಲಿ.

ಮಂಗನ ಕಾಯಿಲೆಗೆ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಮತ್ತು ಐಜಿಎಂ ಎಲಿಸಾ ಎರಡನ್ನೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 2012ರಲ್ಲಿ ಪ್ರಕಟಿಸಿತು. ರೋಗ ಗುರುತಿಸಿ ಐವತ್ತೈದು ವರ್ಷ ಆದ ಮೇಲೆ! ಈ ರೋಗದಲ್ಲಿ ಎರಡೂ ಬೇಕು. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ತುಂಬಿರುತ್ತದೆ, ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ, ಆಗ ಪಿಸಿಆರ್. ನಾಲ್ಕೈದು ದಿನ ಕಳೆದ ಮೇಲೆ ಐಜಿಎಂ ಕಾಣತೊಡಗುತ್ತದೆ. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಸುಮ್ಮನಿದ್ದು, ಮತ್ತೆ ತಲೆನೋವು, ನಡುಕ, ಗೊಂದಲದೊಂದಿಗೆ ಮರಳುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ವೈರಸ್ ಸಿಗದೇ ಹೋಗಬಹುದು, ಆಗ ಆಸರೆ ಐಜಿಎಂ ಎಲಿಸಾ. ಐಜಿಜಿ ನಂಬಿ ಕೂತರೆ ಇನ್ನೊಂದು ಪೇಚು: 2022ರಲ್ಲಿ ನಿಲ್ಲಿಸುವ ತನಕ ಮಲೆನಾಡಿನ ಊರುಗಳಲ್ಲಿ ಈ ರೋಗಕ್ಕೆ ಲಸಿಕೆ ಹಾಕುತ್ತಿದ್ದರು, ಅದರ ಗುರುತೂ ರಕ್ತದಲ್ಲಿರಬಹುದು.

ಕೋವಿಡ್ ಕಾಲ ಎಲ್ಲರಿಗೂ ನೆನಪಿದೆ. 2020ರ ಏಪ್ರಿಲಿನಲ್ಲಿ ಚೀನಾದಿಂದ ತರಿಸಿದ ರ್‍ಯಾಪಿಡ್ ಪ್ರತಿಕಾಯ ಕಿಟ್‌ಗಳು ಸರಿ ತೋರಿಸುತ್ತಿಲ್ಲ ಎಂದು ರಾಜಸ್ಥಾನ ದೂರಿತು, ತಿಂಗಳು ಮುಗಿಯುವುದರೊಳಗೆ ಐಸಿಎಂಆರ್ ಅವನ್ನು ಬಳಸಬೇಡಿ ಎಂದಿತು. ಕಿಟ್ಟಿನ ಗುಣಮಟ್ಟದ ಮಾತು ಇರಲಿ, ಮೊದಲ ವಾರದ ಸೋಂಕನ್ನು ಪ್ರತಿಕಾಯದಿಂದ ಹಿಡಿಯುವುದು ಒಳ್ಳೆಯ ಕಿಟ್ಟಿಗೂ ಕಷ್ಟ.

ಈಗ ಡೆಂಗಿಗೆ ಕಾರ್ಡು ಎಲ್ಲ ಪೇಟೆಯಲ್ಲೂ ಸಿಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಅದಕ್ಕೆ 250 ರೂಪಾಯಿ, ಎಲಿಸಾದಲ್ಲಿ ಎನ್‌ಎಸ್1ಗೆ 300, ಐಜಿಎಂಗೆ 300 ಎಂದು ದರ ಕಟ್ಟಿತು. ಎನ್‌ಎಸ್1 ಎಂದರೆ ವೈರಸ್ಸಿನದೇ ತುಣುಕು, ಮೊದಲ ದಿನಗಳಿಗೆ. ಸರ್ಕಾರಿ ಲೆಕ್ಕಕ್ಕೆ ಖಚಿತ ಡೆಂಗಿ ಎನಿಸಿಕೊಳ್ಳಲು ಎಲಿಸಾ ಬೇಕು, ಕಾರ್ಡು ಸಾಲದು. ಲ್ಯಾಬಿನ ಕಾಗದ ಕೈಗೆ ಬಂದಾಗ ‘ಪಾಸಿಟಿವ್’ ಪದಕ್ಕಿಂತ ಮೊದಲು ಯಾವ ಗೆರೆ ಎಂದು ನೋಡಿ. ಎದುರಿಗೆ ಬರೀ ಐಜಿಜಿ ಎಂದಿದ್ದರೆ ಇನ್ನೊಂದು ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಮಳೆಗಾಲದ ಜ್ವರವೋ, ನವೆಂಬರಿನಿಂದ ಮೇ ತನಕದ ಉಣುಗಿನ ಕಾಲದ್ದೋ, ಬೆಟ್ಟಕ್ಕೆ ಹೋಗಿದ್ದಿರೋ, ಅದನ್ನೂ ಹೇಳಿ.

ಅತ್ತೆ ಹದಿನೈದು ದಿನ ಮಲಗಿ ಎದ್ದರು. ಈಗ ಬೆಟ್ಟಕ್ಕೆ ಹೋಗುವಾಗ ಆಶಾ ಕಾರ್ಯಕರ್ತೆ ಕೊಟ್ಟ, ಉಣುಗು ದೂರವಿಡುವ ಡೇಪಾ ಎಣ್ಣೆಯನ್ನು ಬೈದುಕೊಂಡೇ ಕಾಲಿಗೆ ಹಚ್ಚಿಕೊಳ್ಳುತ್ತಾರೆ, ಆ ವಾಸನೆ ಅವರಿಗೆ ಆಗದು. ಮನೆಯಲ್ಲಿ ಯಾರಿಗೆ ಮೈ ಬಿಸಿಯಾದರೂ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಆ ತಾರೀಖಿಗೆ ಒಂದು ಸುತ್ತು ಹಾಕಿಡುತ್ತಾರೆ.