ಒಂದು ಗಂಟೆ ಕಾಯಿರಿ, ಆಮೇಲೆ ಚಂದ್ರ ಎನ್ನಿ

ಬೇಸಿಗೆಯ ಒಂದು ಭಾನುವಾರ ದಾವಣಗೆರೆಯಿಂದ ಹುಡುಗನೊಬ್ಬ ಚಿತ್ರದುರ್ಗದ ನಮ್ಮ ಮನೆಗೆ ಬಂದ. ಕೊಟ್ಟ ನೀರನ್ನು ಕುಡಿಯುವ ಮೊದಲೇ ಲ್ಯಾಪ್‌ಟಾಪ್ ತೆರೆದು, “ಸರ್, ವೆಸ್ಟಾಕ್ಕೆ ಚಂದ್ರ ಸಿಕ್ಕಿದೆ” ಎಂದ. ಪರದೆಯ ಮೇಲೆ ಉಬ್ಬಿದ ಬಿಳಿ ಗುಂಡು, ಅದರ ಬಲಗಡೆ ಕೆಳಗೆ ಒಂದು ಮಂಕು ಚುಕ್ಕಿ.

“ಎಷ್ಟು ಚಿತ್ರ ತೆಗೆದೆಯಪ್ಪ?”

“ಒಂದೇ ಸರ್. ಆದರೆ ತುಂಬಾ ಸ್ಪಷ್ಟವಾಗಿದೆ.”

ದೂರದರ್ಶಕದ ಚಿತ್ರಗಳನ್ನು ಅಳೆಯುವ ಕೆಲಸದಲ್ಲಿ ನನ್ನ ತಲೆ ನೆರೆತಿದೆ. ವೆಸ್ಟಾದಂಥ ಕ್ಷುದ್ರಗ್ರಹದ, ಅಂದರೆ ಸೂರ್ಯನನ್ನು ಸುತ್ತುವ ಬಂಡೆಯಂಥ ಪುಟ್ಟ ಕಾಯದ, ಪಕ್ಕದಲ್ಲಿ ಚುಕ್ಕಿ ಕಂಡಿತೆಂದು ಬರುವವರು ಪ್ರತಿ ವರ್ಷವೂ ಇರುತ್ತಾರೆ, ಎಲ್ಲರೂ ತರುವುದು ಒಂದೇ ಒಂದು ಚಿತ್ರ. ಕೆಲವರು ನನ್ನ ಬಳಿ ಬರುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಊರಿಗೆಲ್ಲ ಹಂಚಿರುತ್ತಾರೆ. ಆಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಇಡೀ ರಾತ್ರಿ ನಿದ್ದೆಗೆಟ್ಟವರು ಇನ್ನೊಂದು ಗಂಟೆ ಏಕೆ ಕಾಯಬಾರದು?

ಮೊದಲು ಆ ಬಿಳಿ ಗುಂಡಿನ ವಿಷಯ. ಅದು ವೆಸ್ಟಾದ ಆಕಾರವಲ್ಲ. ವೆಸ್ಟಾ ಸುಮಾರು 525 ಕಿ.ಮೀ. ಅಗಲದ ಕಾಯ. ನಮಗೆ ತೀರಾ ಹತ್ತಿರ ಬಂದಾಗಲೂ ಅದು ಆಕಾಶದಲ್ಲಿ ತುಂಬುವ ಜಾಗ, 700 ಮೀಟರ್ ದೂರದಲ್ಲಿಟ್ಟ ಸಾಸಿವೆ ಕಾಳಿನಷ್ಟು. ಆ ಕಾಳನ್ನು ನಾವು ನೋಡುವುದು ನಡುಗುವ ಗಾಳಿಯ ಮೂಲಕ. ಬೆಣ್ಣೆ ದೋಸೆಯ ಕಾವಲಿಯ ಮೇಲೆ ಗಾಳಿ ತೊನೆಯುವುದನ್ನು ದಾವಣಗೆರೆಯವರಿಗೆ ನಾನು ವಿವರಿಸಬೇಕಿಲ್ಲ. ಹಗಲೆಲ್ಲ ಕಾದ ದುರ್ಗದ ಬಂಡೆಗಳು ರಾತ್ರಿ ಬಹಳ ಹೊತ್ತಿನವರೆಗೆ ಹಾಗೆಯೇ ಬಿಸಿ ಉಸಿರು ಬಿಡುತ್ತಿರುತ್ತವೆ. ಆದ್ದರಿಂದ ಸಾಸಿವೆ ಕಾಳು ಹರಡಿ ಗುಂಡಾಗುತ್ತದೆ, ಬೆಳಕು ಹೆಚ್ಚಾಗಿ ಬಿಟ್ಟರೆ ಇನ್ನೂ ಉಬ್ಬುತ್ತದೆ. “ಎಷ್ಟು ಜೂಮ್ ಬರುತ್ತದೆ ಸರ್?” ಎಂದು ಕೇಳಬೇಡಿ. ಜೂಮ್ ಮಾಡಿದರೆ ನಡುಕವೂ ಅಷ್ಟೇ ದೊಡ್ಡದಾಗುತ್ತದೆ.

ಇನ್ನು ಆ ಪಕ್ಕದ ಚುಕ್ಕಿ. ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಇಳಿಯದಿರುವುದು ಇದೇ, ಆದ್ದರಿಂದ ಮತ್ತೆ ಹೇಳುತ್ತೇನೆ.

ನಾಯಕನಹಟ್ಟಿಯ ತೇರಿನ ದಿನ ಒಬ್ಬ ಗಂಡಸಿನ ಪಕ್ಕದಲ್ಲಿ ಒಂದು ಮಗು ನಿಂತಿರುವ ಫೋಟೊ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಅದು ಅವನ ಮಗುವೇ? ಆ ಜನಸಂದಣಿಯಲ್ಲಿ ಯಾರ ಪಕ್ಕ ಯಾರಾದರೂ ನಿಲ್ಲಬಹುದು. ಒಂದು ಗಂಟೆಯ ಬಳಿಕ ಅವನು ಮಂಡಕ್ಕಿ ಅಂಗಡಿಯ ಮುಂದೆ ಇದ್ದಾನೆ, ಮಗುವೂ ಅಲ್ಲೇ ಇದೆ. ಸಂಜೆ ಬಸ್ ನಿಲ್ದಾಣದಲ್ಲಿದ್ದಾನೆ, ಮಗು ಈಗ ಇನ್ನೊಂದು ಬದಿಗೆ ಬಂದಿದೆ, ಆದರೆ ಜೊತೆಯಲ್ಲೇ ಇದೆ. ಈಗ ನೀವು ಏನಾದರೂ ಹೇಳಬಹುದು. ಕ್ಷುದ್ರಗ್ರಹದ ಚಂದ್ರನೂ ಹೀಗೆಯೇ. ಒಡೆಯ ಹೋದಲ್ಲಿಗೆ ಹೋಗಬೇಕು, ಹೋಗುತ್ತ ಅವನ ಸುತ್ತ ಜಾಗ ಬದಲಿಸುತ್ತಿರಬೇಕು. ಇವೆರಡೂ ಕಾಣದೆ ಪಕ್ಕದಲ್ಲಿ ಇದ್ದ ಮಾತ್ರಕ್ಕೆ ಅದು ಏನೂ ಅಲ್ಲ.

ವೆಸ್ಟಾ ಹತ್ತಿರವಿರುವ ದಿನಗಳಲ್ಲಿ ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು ಕಾಲು ಡಿಗ್ರಿ ಸರಿಯುತ್ತದೆ. ಒಂದು ಗಂಟೆಯಲ್ಲಿ ತನ್ನ ಅಗಲದ ಹತ್ತಾರು ಪಟ್ಟು ದೂರ ಹೋಗಿರುತ್ತದೆ. ಹಿನ್ನೆಲೆಯ ನಕ್ಷತ್ರ ಇದ್ದಲ್ಲೇ ಉಳಿಯುತ್ತದೆ. ಆ ಹುಡುಗ ಒಂದು ಗಂಟೆ ಬಿಟ್ಟು ಇನ್ನೊಂದು ಚಿತ್ರ ತೆಗೆದಿದ್ದರೆ ಅವನಿಗೆ ಬಸ್ ಚಾರ್ಜ್ ಉಳಿಯುತ್ತಿತ್ತು.

ಚುಕ್ಕಿಯೂ ಜೊತೆಗೇ ಬಂತೇ? ಆಗಲೂ ಹಿಗ್ಗಬೇಡಿ. ಮಸೂರಗಳ ನಡುವೆ ಬೆಳಕು ಪುಟಿದು ಹುಟ್ಟುವ ಭೂತಬಿಂಬವೂ ಜೊತೆಗೇ ಬರುತ್ತದೆ. ದೂರದರ್ಶಕ ಕ್ಷುದ್ರಗ್ರಹವನ್ನೇ ಹಿಂಬಾಲಿಸುತ್ತಿದ್ದರೆ ಕ್ಯಾಮೆರಾದ ಕೆಟ್ಟ ಪಿಕ್ಸೆಲ್ ಕೂಡ ಜೊತೆಗಿದ್ದಂತೆಯೇ ಕಾಣುತ್ತದೆ. ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಚಿತ್ರ ತೆಗೆಯಿರಿ. ಚುಕ್ಕಿ ಕ್ಯಾಮೆರಾದೊಂದಿಗೆ ತಿರುಗಿದರೆ ಅದು ಆಕಾಶದ್ದಲ್ಲ. ಎರಡೂ ಪರೀಕ್ಷೆ ದಾಟಿದರೂ ನಾನು ‘ಚಂದ್ರ’ ಎಂದು ಬರೆಯುವುದಿಲ್ಲ, ‘ಇನ್ನೂ ಕೆಲವು ರಾತ್ರಿ ನೋಡಬೇಕು’ ಎಂದಷ್ಟೇ ಬರೆಯುತ್ತೇನೆ. ಅಂದ ಹಾಗೆ, ಡಾನ್ ನೌಕೆ 2011ರಿಂದ 2012ರವರೆಗೆ ವೆಸ್ಟಾವನ್ನೇ ಸುತ್ತುತ್ತ ಚಂದ್ರನಿಗಾಗಿಯೂ ಹುಡುಕಿತು. ಸಿಗಲಿಲ್ಲ.

ದೊಡ್ಡವರು ಎಷ್ಟು ತಾಳ್ಮೆಯಿಂದ ನಡೆದುಕೊಂಡರು ನೋಡಿ. ಗೆಲಿಲಿಯೊ ನೌಕೆ 1993ರ ಆಗಸ್ಟ್ 28ರಂದು ಇಡಾ ಎಂಬ ಕ್ಷುದ್ರಗ್ರಹದ ಪಕ್ಕದಲ್ಲಿ ಹಾದುಹೋಯಿತು. ಅದರ ದೊಡ್ಡ ಆಂಟೆನಾ ಬಿಚ್ಚಿಕೊಳ್ಳದೆ ಚಿತ್ರಗಳು ತಿಂಗಳುಗಟ್ಟಲೆ ತಡವಾಗಿ, ತುಣುಕು ತುಣುಕಾಗಿ ಭೂಮಿಗೆ ಬಂದವು. 1994ರ ಫೆಬ್ರುವರಿಯಲ್ಲಿ ಗೆಲಿಲಿಯೊ ತಂಡದ ಆನ್ ಹಾರ್ಚ್ ಎಂಬವರ ಕಣ್ಣಿಗೆ ಇಡಾದ ಪಕ್ಕದಲ್ಲಿ ಒಂದು ಚುಕ್ಕಿ ಬಿತ್ತು. ನೌಕೆ ಪಕ್ಕದಲ್ಲೇ ಹಾದುಹೋಗುತ್ತ ತೆಗೆದ ಚಿತ್ರವಾದರೂ ಅವರು ಅದೊಂದನ್ನೇ ನಂಬಲಿಲ್ಲ. ನೌಕೆಯ ಅತಿಗೆಂಪು ಉಪಕರಣದ ದತ್ತಾಂಶದಲ್ಲೂ ಅದನ್ನು ಕಂಡ ಮೇಲೆ, ಮಾರ್ಚ್‌ನಲ್ಲಿ ಜಗತ್ತಿಗೆ ತಿಳಿಸಿದರು. ಸುಮಾರು 1.4 ಕಿ.ಮೀ. ಅಗಲದ ಆ ಡ್ಯಾಕ್ಟಿಲ್, ಕ್ಷುದ್ರಗ್ರಹಕ್ಕೆ ಖಚಿತವಾಗಿ ಸಿಕ್ಕ ಮೊದಲ ಚಂದ್ರ. ಅದಕ್ಕೂ ಮೊದಲು, 1978ರಲ್ಲಿ, ಹರ್ಕ್ಯುಲಿನಾ ಎಂಬ ಕ್ಷುದ್ರಗ್ರಹ ಒಂದು ನಕ್ಷತ್ರವನ್ನು ಮರೆಮಾಡಿದಾಗ ಅದಕ್ಕೂ ಚಂದ್ರನಿದೆ ಎಂದು ನುರಿತವರೇ ಭಾವಿಸಿದ್ದರು. ಬಳಿಕ ಹಬಲ್ ದೂರದರ್ಶಕದಿಂದ ಹುಡುಕಿದಾಗ ಅಲ್ಲಿ ಏನೂ ಇರಲಿಲ್ಲ.

ನೆಲದ ಮೇಲಿನ ದೂರದರ್ಶಕದಿಂದ ಮೊದಲ ಬಾರಿಗೆ ಇಂಥ ಚಂದ್ರನ ನೇರ ಚಿತ್ರ ಸಿಕ್ಕಿದ್ದು 1998ರ ನವೆಂಬರ್‌ನಲ್ಲಿ, ಹವಾಯಿಯ ಮೌನಾ ಕಿಯಾ ಶಿಖರದಲ್ಲಿ. ಕನ್ನಡಿಯ ಅಗಲ 3.6 ಮೀಟರ್. ಗಾಳಿಯ ನಡುಕಕ್ಕೆ ತಕ್ಕಂತೆ ಸೆಕೆಂಡಿಗೆ ನೂರಾರು ಸಲ ಬಾಗಿ ಬಳುಕುವ ಇನ್ನೊಂದು ಪುಟ್ಟ ಕನ್ನಡಿ ಜೊತೆಗಿತ್ತು. ಆಗ ಯುಜೀನಿಯಾ ಎಂಬ ಕ್ಷುದ್ರಗ್ರಹದ ಪಕ್ಕ, ಅದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಮಂಕಾದ ಚುಕ್ಕಿ ಬೇರ್ಪಟ್ಟು ಕಾಣಿಸಿತು. ಅದು ಸುಮಾರು 1,190 ಕಿ.ಮೀ. ದೂರದಲ್ಲಿ 4.7 ದಿನಕ್ಕೊಂದು ಸುತ್ತು ಬರುತ್ತದೆ ಎಂದು ಗೊತ್ತಾಗಿದ್ದು ಮತ್ತೆ ಮತ್ತೆ ನೋಡಿದ ಮೇಲೆ.

ಈ ದೂರ ಮತ್ತು ದಿನದ ಲೆಕ್ಕಕ್ಕಾಗಿಯೇ ನಾವು ಚಂದ್ರರನ್ನು ಹುಡುಕುವುದು. ಚಳ್ಳಕೆರೆ ಕಡೆಯ ರೈತರೊಬ್ಬರು ನಮಗೆ ರಾತ್ರಿ ಹೊಲದಲ್ಲಿ ದೂರದರ್ಶಕ ಇಡಲು ಜಾಗ ಕೊಡುತ್ತಿದ್ದರು. ಕಂಬಳಿ ಹೊದ್ದು ನಮ್ಮ ಜೊತೆಯೇ ಕೂರುತ್ತಿದ್ದರು. ಒಮ್ಮೆ, “ಮೇಷ್ಟ್ರೇ, ಕೈಗೆ ಸಿಗದ ಕಲ್ಲನ್ನು ಹೇಗೆ ತೂಗುತ್ತೀರಿ?” ಎಂದು ಕೇಳಿದರು. ಒಡೆಯ ಭಾರವಾಗಿದ್ದರೆ ಅಷ್ಟೇ ದೂರದಲ್ಲಿರುವ ಚಂದ್ರ ಬೇಗ ಸುತ್ತಬೇಕು, ಹಗುರವಾಗಿದ್ದರೆ ನಿಧಾನವಾಗಿ, ಚಂದ್ರನೇ ನಮ್ಮ ತಕ್ಕಡಿ ಎಂದೆ. ಯುಜೀನಿಯಾವನ್ನು ಹಾಗೆ ತೂಗಿದರೆ ಅದೇ ಗಾತ್ರದ ನೀರಿಗಿಂತ ಸ್ವಲ್ಪವೇ ಹೆಚ್ಚು ತೂಗುತ್ತದೆ, ನಮ್ಮ ದುರ್ಗದ ಬಂಡೆಯಾಗಿದ್ದರೆ ಎರಡೂವರೆ ಪಟ್ಟು ಮೀರಬೇಕಿತ್ತು ಎಂದೆ. ಅವರು ಪಕ್ಕದ ಗಿಡದಿಂದ ಒಂದು ಶೇಂಗಾಕಾಯಿ ಕಿತ್ತು ಕಿವಿಯ ಬಳಿ ಅಲ್ಲಾಡಿಸಿದರು. “ಹಾಗಾದರೆ ಒಳಗೆ ಜೊಳ್ಳು ಅನ್ನಿ.” ಬಿಡಿ ಕಲ್ಲುಗಳು ಗುಡ್ಡೆಯಾಗಿ, ನಡುನಡುವೆ ಪೊಳ್ಳು ಉಳಿದ ಕಾಯಗಳ ಬಗ್ಗೆ ನಾನು ಎಷ್ಟೋ ತರಗತಿಗಳಲ್ಲಿ ಪಾಠ ಮಾಡಿದ್ದೇನೆ. ಅಷ್ಟು ಚೊಕ್ಕವಾಗಿ ಹೇಳಲು ನನಗೆ ಆಗಿರಲಿಲ್ಲ.

ಹಾಗಾದರೆ ಎಂಟು ಇಂಚಿನ ದೂರದರ್ಶಕದವರು ಸುಮ್ಮನಿರಬೇಕೇ ಎಂದು ಹುಡುಗ ಮುಖ ಸಣ್ಣದು ಮಾಡಿದ. ಖಂಡಿತ ಇಲ್ಲ. ಚಂದ್ರನನ್ನು ಬೇರೆಯಾಗಿ ಕಾಣದೆಯೂ ಹಿಡಿಯಬಹುದು. ಕ್ಷುದ್ರಗ್ರಹದ ಒಂದೇ ಚುಕ್ಕಿಯ ಬೆಳಕನ್ನು ರಾತ್ರಿಯಿಡೀ ಅಳೆಯಿರಿ. ಚಂದ್ರ ಮುಂದೆ ಬಂದಾಗ ಅಥವಾ ಹಿಂದೆ ಮರೆಯಾದಾಗ ಒಟ್ಟು ಬೆಳಕು ತುಸು ಕುಗ್ಗುತ್ತದೆ. 2022ರ ಸೆಪ್ಟೆಂಬರ್ 26ರಂದು ಡಾರ್ಟ್ ನೌಕೆ ಡಿಡಿಮೊಸ್ ಎಂಬ ಕ್ಷುದ್ರಗ್ರಹದ ಚಂದ್ರ ಡೈಮಾರ್ಫಸ್‌ಗೆ ಬಡಿದ ಮೇಲೆ, ಅದರ ಸುತ್ತು 11 ಗಂಟೆ 55 ನಿಮಿಷದಿಂದ 11 ಗಂಟೆ 23 ನಿಮಿಷಕ್ಕೆ ಇಳಿದದ್ದನ್ನು ನೆಲದ ದೂರದರ್ಶಕಗಳು ಕಂಡುಕೊಂಡಿದ್ದು ಮುಖ್ಯವಾಗಿ ಈ ಕುಗ್ಗುವಿಕೆಯಿಂದಲೇ. ಡೈಮಾರ್ಫಸ್‌ನ ಅಗಲ ಸುಮಾರು 160 ಮೀಟರ್, ಆಗ ಅದು ನಮ್ಮಿಂದ ಒಂದು ಕೋಟಿ ಕಿ.ಮೀ.ಗೂ ಆಚೆ ಇತ್ತು. ಎಲ್ಲ ಕ್ಷುದ್ರಗ್ರಹಗಳೂ ಎಂಟು ಇಂಚಿಗೆ ಸಿಗುವುದಿಲ್ಲ, ಪ್ರಕಾಶಮಾನವಾದವನ್ನು ಆರಿಸಿಕೊಳ್ಳಬೇಕು. ಬೆಳಕು ಕುಗ್ಗಿದ ಮಾತ್ರಕ್ಕೆ ಅದು ಚಂದ್ರನಿಂದಲೇ ಎಂದೂ ಅಲ್ಲ, ಉದ್ದನೆಯ ಕ್ಷುದ್ರಗ್ರಹ ತಿರುಗುವಾಗಲೂ ಬೆಳಕು ಏರಿಳಿಯುತ್ತದೆ.

ಹುಡುಗ ಮರುವಾರ ಜೋಗಿಮಟ್ಟಿಯ ತಪ್ಪಲಿಗೆ ನನ್ನ ಜೊತೆ ಬಂದ. ಈ ಸಲ ಒಂಬತ್ತು ಗಂಟೆಗೆ ಒಂದು ಚಿತ್ರ, ಹತ್ತಕ್ಕೆ ಒಂದು, ಹನ್ನೊಂದಕ್ಕೆ ಒಂದು. ಮೂರನ್ನೂ ಒಂದರ ಮೇಲೊಂದು ಜೋಡಿಸಿ ತಾನೇ ನೋಡಿದ. ಹೊಸ ಚಿತ್ರಗಳಲ್ಲಿ ವೆಸ್ಟಾದ ಪಕ್ಕ ಬೇರೆ ಎರಡು ಚುಕ್ಕಿಗಳಿದ್ದವು, ವೆಸ್ಟಾ ಅವುಗಳನ್ನು ಬಿಟ್ಟು ಮುಂದೆ ಹೋಗಿತ್ತು. ಹಳೆಯ ಚಿತ್ರದ ಚುಕ್ಕಿಯನ್ನು ನಕ್ಷತ್ರಪಟದಲ್ಲಿ ಹುಡುಕಿದ, ಅಲ್ಲೇ ಸಿಕ್ಕಿತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನೋಟ್‌ಬುಕ್ ತೆಗೆದು ಹೊಸ ಪುಟದಲ್ಲಿ ಸಮಯವನ್ನು ಸೆಕೆಂಡಿನವರೆಗೆ ಬರೆದುಕೊಂಡು, “ಸರ್, ಬೆಳಕು ಅಳೆಯಲು ಯಾವುದರಿಂದ ಶುರು ಮಾಡಲಿ?” ಎಂದು ಕೇಳಿದ.